ಸ್ಟೇಜ್ ಆಂಪ್ ಮನೆ ಸ್ಪೀಕರ್‌ಗೆ ಹಾಕಬಹುದಾ?

ಪ್ರಶ್ನೆ: ನನ್ನ ಹತ್ತಿರ 6 ಓಮ್‌ನ ಒಂದು ಜೊತೆ ಬುಕ್‌ಶೆಲ್ಫ್ ಸ್ಪೀಕರ್ ಇವೆ. ಸೆನ್ಸಿಟಿವಿಟಿ 87 ಡೆಸಿಬೆಲ್ ಅಂತ ಬರೆದಿದೆ. ಹೈ-ಫೈ ಅಂಗಡಿಯಲ್ಲಿ 100 ವಾಟ್‌ನ ಆಂಪ್ಲಿಫೈಯರ್ ಬೆಲೆ ಕೇಳಿದರೆ ಕೈಗೆ ಎಟುಕುವ ಹಾಗಿಲ್ಲ. ಮದುವೆಗಳಿಗೆ ಸೌಂಡ್ ಸಿಸ್ಟಮ್ ಹಾಕುವ ಗೆಳೆಯ, "ಅದರ ಅರ್ಧ ದುಡ್ಡಿಗೆ 200 ವಾಟ್‌ನ ಸ್ಟೇಜ್ ಆಂಪ್ ಬರುತ್ತೆ, ತಗೋ" ಅನ್ನುತ್ತಾನೆ. ಸ್ಪೀಕರ್ ಸುಟ್ಟು ಹೋಗಲ್ವಾ? ಸೌಂಡ್ ಒರಟಾಗಿರಲ್ವಾ?

ಹಾಕಬಹುದು. ನಾನೇ ಹಲವು ವರ್ಷಗಳಿಂದ ಹಾಗೇ ಕೇಳುತ್ತಿದ್ದೇನೆ. ನಿಮ್ಮ ಗೆಳೆಯ ಹೇಳಿದ್ದು ತಪ್ಪಲ್ಲ, ಆದರೆ ಅವರು ಕೆಲಸ ಮಾಡುವುದು ಛತ್ರದಲ್ಲಿ. ಅಲ್ಲಿನ ಗದ್ದಲದಲ್ಲಿ ಆಂಪ್‌ನ ಫ್ಯಾನ್ ಸದ್ದು ಯಾರ ಕಿವಿಗೂ ಬೀಳುವುದಿಲ್ಲ. ನೀವು ಕೇಳುವುದು ರಾತ್ರಿ ಊಟ ಮುಗಿದು ಬೀದಿಯೆಲ್ಲ ತಣ್ಣಗಾದ ಮೇಲೆ. ಹಾಗಾಗಿ ನೋಡಬೇಕಾದ್ದು ವಾಟ್ ಅಲ್ಲ. ಹಾಡು ನಿಂತಾಗ ಆ ಪೆಟ್ಟಿಗೆ ಎಷ್ಟು ಸುಮ್ಮನಿರುತ್ತದೆ ಅನ್ನುವುದು.

ಮೊದಲು ಸ್ಪೀಕರ್ ಸುಡುವ ಭಯ. 87 ಡೆಸಿಬೆಲ್ ಅಂದರೆ ಹೆಚ್ಚುಕಡಿಮೆ 1 ವಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಅಷ್ಟು ಜೋರು ಅಂತ. ಮನೆಯ ಹಾಲ್‌ನಲ್ಲಿ ಅದು ಪಕ್ಕದಲ್ಲಿ ಕೂತವರ ಜೊತೆ ಮಾತಾಡಲು ದನಿ ಏರಿಸಬೇಕಾದಷ್ಟು ಜೋರು. ಅಂದರೆ ದಿನನಿತ್ಯ ಕೇಳುವಾಗ ನಿಮ್ಮ ಸ್ಪೀಕರ್ ಉಣ್ಣುವುದು 1 ವಾಟ್‌ನ ಆಸುಪಾಸು ಮಾತ್ರ. ಹಾಗಾದರೆ 200 ಯಾಕೆ ಬೇಕು? ಮೃದಂಗ ಕೇಳಿ, ಗೊತ್ತಾಗುತ್ತದೆ. ಚೆನ್ನಾಗಿ ರೆಕಾರ್ಡ್ ಆದ ಕಛೇರಿಯಲ್ಲಿ ಒಂದು ಗಟ್ಟಿ ಪೆಟ್ಟು ಸರಾಸರಿಗಿಂತ 20 ಡೆಸಿಬೆಲ್ ಮೇಲೆ ಹಾರಬಹುದು. 10 ಡೆಸಿಬೆಲ್ ಏರಲು 10 ಪಟ್ಟು ವಾಟ್ ಬೇಕು, 20 ಏರಲು 100 ಪಟ್ಟು. ಆ ಒಂದು ಕ್ಷಣಕ್ಕೆ 1 ವಾಟ್ ಇದ್ದದ್ದು 100 ಆಗಬೇಕು. ಚಿಕ್ಕ ಆಂಪ್ ಅಲ್ಲಿ ಕೈ ಚೆಲ್ಲುತ್ತದೆ, ಅಲೆಯ ತುದಿ ಕತ್ತರಿಸಿ ಹೋಗುತ್ತದೆ. ಇದನ್ನೇ ಕ್ಲಿಪ್ಪಿಂಗ್ ಅನ್ನುವುದು. ಕ್ಲಿಪ್ ಆಗುತ್ತಲೇ ಜೋರಾಗಿ ಹಾಡುವ ಚಿಕ್ಕ ಆಂಪ್‌ನಿಂದ ಟ್ವೀಟರ್ (ಪೆಟ್ಟಿಗೆಯೊಳಗೆ ಕೀಚು ದನಿ ನುಡಿಸುವ ಚಿಕ್ಕ ಸ್ಪೀಕರ್) ಸುಟ್ಟುಕೊಂಡವರು ಬೇಕಾದಷ್ಟು ಜನ ಇದ್ದಾರೆ. ದೊಡ್ಡ ಆಂಪ್ ಇದ್ದರೆ ಆ ತೊಂದರೆ ಬಹಳ ಕಡಿಮೆ.

ಆದರೆ ಇನ್ನೊಂದು ಅಪಾಯ ಇದೆ. ನಮ್ಮ ಮನೆಯಲ್ಲಿ ಒಮ್ಮೆ ಲ್ಯಾಪ್‌ಟಾಪ್ ಅಪ್‌ಡೇಟ್ ಆದ ಮೇಲೆ ವಾಲ್ಯೂಮ್ ತಾನಾಗೇ 100ಕ್ಕೆ ಹೋಗಿ ಕೂತಿತ್ತು. ಪ್ಲೇ ಒತ್ತಿದೆ, ಎದೆ ಧಸಕ್ಕೆಂದಿತು. ಸ್ಪೀಕರ್ ಉಳಿದದ್ದು ಆಂಪ್‌ನ ಮುಂದಿನ ನಾಬ್ ಕೆಳಗಿಟ್ಟಿದ್ದರಿಂದ. ಆ ನಾಬ್ ಆಂಪ್‌ನ ಶಕ್ತಿಯನ್ನು ಕಡಿಮೆ ಮಾಡುವುದಿಲ್ಲ, ಒಳಗೆ ಬರುವ ಸಿಗ್ನಲ್ಲನ್ನು ಕಡಿಮೆ ಮಾಡುತ್ತದೆ, ಅಷ್ಟೇ. ಲೆಕ್ಕ ಹೀಗೆ: ಡ್ಯಾಕ್‌ಗಳು (ಲ್ಯಾಪ್‌ಟಾಪ್‌ನ ಡಿಜಿಟಲ್ ಹಾಡನ್ನು ಆಂಪ್‌ಗೆ ಬೇಕಾದ ಸಿಗ್ನಲ್ ಮಾಡಿ ಕೊಡುವ ಪೆಟ್ಟಿಗೆ) ಸಾಮಾನ್ಯವಾಗಿ ಕೊಡುವುದು ಹೆಚ್ಚೆಂದರೆ 2 ವೋಲ್ಟ್. 1.4 ವೋಲ್ಟ್ ಸಿಕ್ಕರೆ ಪೂರ್ತಿ 200 ವಾಟ್ ಕೊಡುವ ಆಂಪ್‌ಗೆ ಅದು ಜಾಸ್ತಿಯೇ. ನಾಬ್ 12 ಡೆಸಿಬೆಲ್ ಇಳಿಸಿಟ್ಟರೆ 2 ವೋಲ್ಟ್ ಹೋಗಿ ಅರ್ಧ ವೋಲ್ಟ್ ಆಗುತ್ತದೆ. ಆಗ ಏನೇ ಎಡವಟ್ಟಾದರೂ ಸುಮಾರು 25 ವಾಟ್‌ಗೆ ನಿಲ್ಲುತ್ತದೆ. ರಾತ್ರಿ ಕೇಳಲು ಅಷ್ಟು ಧಾರಾಳ. ಕಛೇರಿ ಜೋರಾಗಿ ಕೇಳಬೇಕು ಅನ್ನಿಸಿದ ದಿನ ನಾಬ್ ಏರಿಸಿ.

ಒರಟು ಸೌಂಡ್ ಬಗ್ಗೆ ಒಂದೇ ಮಾತು. ಛತ್ರದಲ್ಲಿ ಒರಟಾಗಿ ಕೇಳುವುದು ಗೋಡೆಯ ಪ್ರತಿಧ್ವನಿ, ಹಾರ್ನ್ ಸ್ಪೀಕರ್, ಮಿತಿ ಮೀರಿ ಏರಿಸಿದ ಮಿಕ್ಸರ್‌ನಿಂದ. ಆಂಪ್‌ನಿಂದಲ್ಲ. 1967ರಲ್ಲಿ ಅಮೆರಿಕದ ಕ್ರೌನ್ ಕಂಪನಿ ತಂದ ಡಿಸಿ-300 ಅನ್ನುವ ಆಂಪ್ ಸ್ಟುಡಿಯೋದಲ್ಲೂ ಇತ್ತು, ಹೈ-ಫೈ ಹುಚ್ಚಿನವರ ಮನೆಯಲ್ಲೂ ಇತ್ತು. ಈಗಿನ ಕ್ಲಾಸ್ ಡಿ (ಕಡಿಮೆ ಬಿಸಿಯಾಗುವ ಹಗುರ ಬಗೆಯ) ಸ್ಟೇಜ್ ಆಂಪ್‌ಗಳನ್ನು ಮಿತಿಯೊಳಗೆ ಓಡಿಸಿದರೆ, ಅವುಗಳ ಡಿಸ್ಟಾರ್ಷನ್ನಿಗಿಂತ, ಅಂದರೆ ಸೌಂಡ್ ಕೆಡಿಸುವುದಕ್ಕಿಂತ, ನಿಮ್ಮ ಸ್ಪೀಕರ್‌ನದೇ ಜಾಸ್ತಿ ಇರುತ್ತದೆ.

ಈಗ ಫ್ಯಾನ್. ನನ್ನ ಮೊದಲ ಸ್ಟೇಜ್ ಆಂಪ್ ಸೆಕೆಂಡ್ ಹ್ಯಾಂಡ್. ಅಂಗಡಿಯಲ್ಲಿ ಚೆನ್ನಾಗೇ ಹಾಡಿತ್ತು. ಮನೆಗೆ ತಂದು ಆಲಾಪನೆ ಹಾಕಿದೆ. ಗಾಯಕಿ ಉಸಿರು ತಗೊಂಡು ಬರೀ ತಂಬೂರಿ ಉಳಿಯುವ ಜಾಗದಲ್ಲಿ, ತಂಬೂರಿಯ ಜೊತೆಗೆ ಹಿತ್ತಲಿನ ಮಿಕ್ಸಿಯ ಹಾಗೆ ಒಂದು ಗೊರ್ ಶುರು. ಪ್ಲಗ್ ಕಿತ್ತು, ಒಂದು ರಾತ್ರಿ ಹಾಗೇ ಬಿಟ್ಟು, ಮುಚ್ಚಳ ತೆಗೆದು ನೋಡಿದರೆ ಫ್ಯಾನಿನ ಎಲೆಗಳ ಮೇಲೆ ಕಂಬಳಿ ಹೊದಿಸಿದ ಹಾಗೆ ಬೂದು ಧೂಳು. ಶಾಮಿಯಾನದ ಕೆಳಗೆ ದುಡಿದ ಯಂತ್ರ ಅದು. ಬ್ರಷ್ ಹಾಕಿ ತೆಗೆದ ಮೇಲೆ ಸದ್ದು ಅರ್ಧಕ್ಕೆ ಇಳಿಯಿತು, ಪೂರ್ತಿ ಹೋಗಲಿಲ್ಲ. ಕೊನೆಗೆ ನಿಧಾನ ತಿರುಗುವ ಕಂಪ್ಯೂಟರ್ ಫ್ಯಾನ್ ಹಾಕಿಸಿದೆ. ಮನೆಯಲ್ಲಿ 1-2 ವಾಟ್‌ಗೆ ಓಡುವಾಗ ಬಿಸಿ ಅಷ್ಟಾಗಿ ಆಗುವುದಿಲ್ಲ, ಆದ್ದರಿಂದ ನಡೆಯುತ್ತದೆ. ಹಳೆ ಫ್ಯಾನ್ ಎಷ್ಟು ವೋಲ್ಟ್‌ನದು ಅಂತ ಮೊದಲು ನೋಡಬೇಕು, ಎಲ್ಲವೂ 12 ವೋಲ್ಟ್ ಅಲ್ಲ. ವಾರಂಟಿಯೂ ಹೋಗುತ್ತದೆ. ಒಳಗಿನ ಕೆಪಾಸಿಟರ್‌ಗಳಲ್ಲಿ ಪ್ಲಗ್ ಕಿತ್ತ ಮೇಲೂ ಕರೆಂಟ್ ನಿಂತಿರುತ್ತದೆ, ಕೈ ಪಳಗದವರು ಮೆಕ್ಯಾನಿಕ್‌ಗೆ ಕೊಡಿ. ಇದೆಲ್ಲ ಬೇಡ ಅಂದರೆ ಫ್ಯಾನೇ ಇಲ್ಲದ, ಅಥವಾ ಬಿಸಿಯಾದಾಗ ಮಾತ್ರ ಫ್ಯಾನ್ ತಿರುಗುವ ಮಾಡೆಲ್ ಹುಡುಕಿ.

ಇನ್ನೊಂದು ಸದ್ದು ಸ್ಪೀಕರ್‌ನಿಂದಲೇ ಬರುವ ಸುಯ್. ಇಲ್ಲಿ ಕಾಗದದ ಮೇಲಿನ ಅಂಕಿ ದಾರಿ ತಪ್ಪಿಸುತ್ತದೆ. ನಾಯ್ಸ್ 100 ಡೆಸಿಬೆಲ್ ಕೆಳಗಿದೆ ಅಂತ ಬರೆದಿದ್ದರೆ, ಅದು 200 ವಾಟ್‌ನಿಂದ ಅಳೆದ ಲೆಕ್ಕ. ನೀವು ಕೇಳುವುದು 1 ವಾಟ್‌ನಲ್ಲಿ, ಅಂದರೆ 23 ಡೆಸಿಬೆಲ್ ಕೆಳಗೆ. ನಾಯ್ಸ್ ಮಾತ್ರ ಇದ್ದಲ್ಲೇ ಇರುತ್ತದೆ. ಉಳಿಯುವುದು 77. ನಿಮ್ಮ 87 ಡೆಸಿಬೆಲ್ ಸ್ಪೀಕರ್‌ಗೆ ಇದು ಸಾಕು: ಟ್ವೀಟರ್‌ಗೆ ಕಿವಿ ಹಚ್ಚಿದರೆ ಕೇಳಿಸಬಹುದು, ಸೋಫಾದಲ್ಲಿ ಕೂತರೆ ಕೇಳಿಸುವುದಿಲ್ಲ. 100 ಡೆಸಿಬೆಲ್‌ನ ಹಾರ್ನ್ ಸ್ಪೀಕರ್ ಇಟ್ಟವರು ಇದೇ ಪ್ರಶ್ನೆ ಕೇಳಿದ್ದರೆ ಬೇಡ ಅನ್ನುತ್ತಿದ್ದೆ, ಅದರಲ್ಲಿ ಈ ಸುಯ್ ಕೂಡ ಅಷ್ಟೇ ಜೋರಾಗುತ್ತದೆ.

ವೈರ್ ವಿಷಯ. ಸ್ಟೇಜ್ ಆಂಪ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಸಿಗ್ನಲ್ ಒಳಬರುವ ಕಡೆ ಮೂರು ಪಿನ್ನಿನ ಎಕ್ಸ್‌ಎಲ್‌ಆರ್, ಸ್ಪೀಕರ್ ಕಡೆ ತಿರುಗಿಸಿ ಲಾಕ್ ಮಾಡುವ ಸ್ಪೀಕಾನ್. ಕ್ರೌನ್ ಎಕ್ಸ್‌ಎಲ್‌ಎಸ್ ತರಹದ ಕೆಲವಕ್ಕೆ ಮನೆಯ ಆರ್‌ಸಿಎ ಪಿನ್ ನೇರವಾಗಿ ಹೋಗುತ್ತದೆ, ಅದು ಸಲೀಸು. ಇಲ್ಲದಿದ್ದರೆ ಎರಡು ಎಳೆ ಮತ್ತು ಶೀಲ್ಡ್ (ಎಳೆಗಳ ಸುತ್ತ ಹೆಣೆದ ತಂತಿ ಜಾಲರಿ) ಇರುವ ಮೈಕ್ ವೈರ್ ತಂದು ಮಾಡಿಸಿ, ಬೆಂಗಳೂರಿನವರಾದರೆ ಎಸ್‌ಪಿ ರೋಡ್‌ನಲ್ಲಿ ಎಲ್ಲ ಸಿಗುತ್ತದೆ. ಒಂದು ಎಳೆ ಆರ್‌ಸಿಎ ನಡುವಿನ ಮೊಳೆಯಿಂದ ಎಕ್ಸ್‌ಎಲ್‌ಆರ್ 2ನೇ ಪಿನ್ನಿಗೆ, ಇನ್ನೊಂದು ಆರ್‌ಸಿಎ ಹೊರ ಬಳೆಯಿಂದ 3ಕ್ಕೆ. ಶೀಲ್ಡ್ ಎಕ್ಸ್‌ಎಲ್‌ಆರ್ ಕಡೆ 1ನೇ ಪಿನ್ನಿಗೆ, ಆರ್‌ಸಿಎ ಕಡೆ ಹೊರ ಬಳೆಗೇ. ಹೀಗೆ ಮಾಡಿದರೆ ಗುಂಯ್ ಅನ್ನುವ ಹಮ್ ಬಹಳ ಸಲ ಬರುವುದೇ ಇಲ್ಲ. ಬಂದರೆ ಟಿವಿ ಕೇಬಲ್ ಕಿತ್ತು ನೋಡಿ, ಬಹಳ ಕಡೆ ತೊಂದರೆ ಅಲ್ಲಿಂದಲೇ. ಆಂಪ್‌ನ ಅರ್ಥಿಂಗ್ ಪಿನ್ ಮಾತ್ರ ಯಾವ ಕಾರಣಕ್ಕೂ ತೆಗೆಯಬೇಡಿ, ಅದು ಜೀವ ಕಾಯುವ ಪಿನ್.

ಕೊಳ್ಳುವಾಗ ಎರಡು ಬಗೆಯದನ್ನು ಮುಟ್ಟಬೇಡಿ. ದೇವಸ್ಥಾನ, ಶಾಲೆಗಳಲ್ಲಿ ಇರುವ 70 ವೋಲ್ಟ್, 100 ವೋಲ್ಟ್ ಟರ್ಮಿನಲ್‌ನ ಮೋನೋ ಆಂಪ್ ದೂರದ ಹಾರ್ನ್‌ಗಳಿಗೆ ಮಾಡಿದ್ದು. ಆ ಟರ್ಮಿನಲ್‌ಗೆ ಮನೆ ಸ್ಪೀಕರ್ ಸಿಕ್ಕಿಸಿದರೆ ನಿಮ್ಮ ಭಯ ನಿಜವಾಗುತ್ತದೆ. ಇನ್ನೊಂದು, ಅಮೆರಿಕದಿಂದ ವಾಪಸ್ ಬಂದ ನೆಂಟರು ತಂದ 120 ವೋಲ್ಟ್‌ನ ಆಂಪ್. ಹಿಂದೆ 230ಕ್ಕೆ ಬದಲಿಸುವ ಸ್ವಿಚ್ ಇಲ್ಲದಿದ್ದರೆ ನಮ್ಮ ಪ್ಲಗ್‌ಗೆ ಹಾಕಿದ ಕೂಡಲೇ ಹೊಗೆ. ಒಳ್ಳೆಯದೇ ಸಿಕ್ಕರೂ ಬ್ರಿಡ್ಜ್ ಅಂತ ಬರೆದ ಸ್ವಿಚ್ ಹಾಗೇ ಬಿಡಿ. ಅದು ಎರಡು ಚಾನೆಲ್ ಸೇರಿಸಿ ಒಂದು ಮಾಡುತ್ತದೆ, ನಿಮಗೆ ಬೇಕಿಲ್ಲ.

ಈ ಆಂಪ್‌ಗೆ ರಿಮೋಟ್ ಇಲ್ಲ, ವಾಲ್ಯೂಮ್ ಎಲ್ಲ ಡ್ಯಾಕ್ ಅಥವಾ ಪ್ರೀ ಆಂಪ್‌ನಲ್ಲೇ (ಆಂಪ್‌ಗೆ ಮುಂಚೆ ಬರುವ ವಾಲ್ಯೂಮ್ ಪೆಟ್ಟಿಗೆ). ಆನ್ ಮಾಡುವಾಗ ಮೊದಲು ಡ್ಯಾಕ್, ಕೊನೆಗೆ ಆಂಪ್. ಮಲಗುವ ಮುಂಚೆ ಮೊದಲು ಆಂಪ್ ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಡ್ಯಾಕ್. ಉಲ್ಟಾ ಮಾಡಿದರೆ ಸ್ಪೀಕರ್ ಡಬ್ ಅನ್ನುತ್ತದೆ, ಆ ಪೆಟ್ಟು ಬೀಳುವುದು ನಿಮ್ಮ ವೂಫರ್ ಮೇಲೆ.