ಶಿಫ್ಟ್ ಬದಲಾದರೆ ಹಳೆಯ ಗಂಟೆಗಳು ಬದಲಾಗಬಾರದು

ಹಾಜರಾತಿ ರಿಪೋರ್ಟ್ ತಯಾರಿಸುವವರು ನನಗೆ ತೋರಿಸುವ ಎಕ್ಸೆಲ್, ಪವರ್ ಬಿಐ (ಡೇಟಾದಿಂದ ರಿಪೋರ್ಟ್ ತಯಾರಿಸುವ ಮೈಕ್ರೋಸಾಫ್ಟ್ ತಂತ್ರಾಂಶ) ಫೈಲುಗಳಲ್ಲಿ ಒಂದೇ ದೋಷ ಮತ್ತೆ ಮತ್ತೆ ಸಿಗುತ್ತದೆ. ನೌಕರರ ಮಾಸ್ಟರ್ ಶೀಟಿನಲ್ಲೇ ‘ಶಿಫ್ಟ್’ ಎಂದೊಂದು ಕಾಲಂ ಇರುತ್ತದೆ. ಎಲ್ಲರೂ ಒಂಬತ್ತಕ್ಕೆ ಬಂದು ಆರಕ್ಕೆ ಹೋಗುವ ಕಚೇರಿಗೆ ಅಷ್ಟು ಸಾಕು, ಮೂರು ಪಾಳಿಯ ಕಾರ್ಖಾನೆಗೆ ಸಾಲದು.

ಒಬ್ಬ ಆಪರೇಟರ್ 15ನೇ ತಾರೀಖಿನವರೆಗೆ ಫಸ್ಟ್ ಶಿಫ್ಟಿನಲ್ಲಿದ್ದ ಎನ್ನಿ, ಬೆಳಿಗ್ಗೆ 6ರಿಂದ ಮಧ್ಯಾಹ್ನ 2. 16ರಿಂದ ನೈಟ್, ರಾತ್ರಿ 10ರಿಂದ ಬೆಳಿಗ್ಗೆ 6. ಮಾಸ್ಟರ್‌ನಲ್ಲಿ ಫಸ್ಟ್ ಶಿಫ್ಟಿನ ಕೋಡ್ ‘ಎ’ ಅಳಿಸಿ ನೈಟಿನ ಕೋಡ್ ‘ಸಿ’ ಬರೆದ ಕೂಡಲೇ ರಿಪೋರ್ಟಿನ ಪಾಲಿಗೆ ಅವನು 1ನೇ ತಾರೀಖಿನಿಂದಲೂ ನೈಟ್ ಶಿಫ್ಟಿನವನು. 3ರ ಬೆಳಿಗ್ಗೆ 5:52ಕ್ಕೆ ಅವನು ಒಳಬಂದ ಪಂಚ್ (ಹಾಜರಾತಿ ಯಂತ್ರದಲ್ಲಿ ದಾಖಲಾದ ಸಮಯ), ಹಿಂದಿನ ರಾತ್ರಿಯ ಔಟ್ ಪಂಚ್ ಆಗಿಬಿಡುತ್ತದೆ. ಅದಕ್ಕೆ ಜೋಡಿ ಇನ್ ಇಲ್ಲದ್ದರಿಂದ ಮಿಸ್ ಪಂಚ್. ಮಧ್ಯಾಹ್ನ 2:04ರ ಪಂಚ್ ಯಾವ ಶಿಫ್ಟಿಗೂ ಸೇರದೆ ಉಳಿಯುತ್ತದೆ. ದುಡಿದ ಅರ್ಧ ತಿಂಗಳು ಗೈರುಹಾಜರಿ. ಸಂಬಳ ಕೊಟ್ಟಾದ ಹಿಂದಿನ ತಿಂಗಳ ರಿಪೋರ್ಟನ್ನು ರಿಫ್ರೆಶ್ ಮಾಡಿದರೆ ಅದರ ಅಂಕಿಗಳೂ ಬದಲಾಗಿರುತ್ತವೆ.

ಆದ್ದರಿಂದ ಶಿಫ್ಟಿಗೆ ಬೇರೆಯೇ ಟೇಬಲ್ ಬೇಕು: ಟೋಕನ್ ನಂಬರ್ (ನೌಕರನ ಗುರುತಿನ ಸಂಖ್ಯೆ), ಶಿಫ್ಟ್ ಕೋಡ್, ಯಾವತ್ತಿನಿಂದ, ಯಾವತ್ತಿನವರೆಗೆ. ಪಾಳಿ ಬದಲಾದಾಗ ಹಳೆಯ ಸಾಲಿಗೆ ಕೊನೆಯ ತಾರೀಖು ಹಾಕಿ ಹೊಸ ಸಾಲು ಸೇರಿಸಿ. ನಾನು ಡೇಟಾವನ್ನು ರಿಪೋರ್ಟಿಗೆ ಸಿದ್ಧಪಡಿಸುವ ಪವರ್ ಕ್ವೆರಿಯಲ್ಲೇ ಇದನ್ನು ಒಬ್ಬರಿಗೆ ದಿನಕ್ಕೊಂದು ಸಾಲಿನಂತೆ ಬಿಡಿಸಿ, ಟೋಕನ್ ಮತ್ತು ತಾರೀಖು ಎರಡನ್ನೂ ಸೇರಿಸಿ ಪಂಚಿಂಗ್ ಡೇಟಾಕ್ಕೆ ಜೋಡಿಸುತ್ತೇನೆ. 500 ಜನರಿಗೆ ವರ್ಷಕ್ಕೆ 1,82,500 ಸಾಲು, ಪವರ್ ಬಿಐಗೆ ಅದು ಭಾರವೇ ಅಲ್ಲ. ವಾರಕ್ಕೊಮ್ಮೆ ತಿರುಗುವ ರೋಸ್ಟರನ್ನು ಸೂತ್ರದಿಂದಲೇ ತೆಗೆಯಬಹುದು ನಿಜ. ಆದರೆ ಸೂಪರ್‌ವೈಸರ್ ಕೊನೇ ಗಳಿಗೆಯಲ್ಲಿ ಮಾಡುವ ಅದಲುಬದಲು ಯಾವ ಸೂತ್ರಕ್ಕೂ ಗೊತ್ತಿರುವುದಿಲ್ಲ. ಅದನ್ನು ಬರೆಯಲು ಜಾಗವಿರಲಿ, ಬರೆದಲ್ಲಿ ಅದೇ ಅಂತಿಮವಾಗಿರಲಿ.

ಮುಂದಿನ ಪ್ರಶ್ನೆ, ಮಧ್ಯರಾತ್ರಿಯ ಆಚೆಗಿನ ಗಂಟೆಗಳು ಯಾವ ದಿನದ ಖಾತೆಗೆ? ಇದಕ್ಕೆ 1948ರ ಕಾರ್ಖಾನೆಗಳ ಕಾಯ್ದೆಯ 57ನೇ ಕಲಮಿನಲ್ಲೇ ಉತ್ತರವಿತ್ತು: ಮಧ್ಯರಾತ್ರಿ ದಾಟಿ ದುಡಿದ ಗಂಟೆಗಳು ಹಿಂದಿನ ದಿನಕ್ಕೆ ಸೇರಬೇಕು, ರಜೆಯ ದಿನವೆಂದರೆ ಶಿಫ್ಟ್ ಮುಗಿದಾಗಿನಿಂದ 24 ಗಂಟೆ. ಕ್ಯಾಲೆಂಡರ್ ದಿನಕ್ಕೆ ಗಂಟೆಗಳನ್ನು ತುಂಡು ಮಾಡುವ ರಿಪೋರ್ಟು ಈ ನಿಯಮ ಮುರಿದು ಕಾರ್ಮಿಕನ ಓಟಿಯನ್ನೇ (ಹೆಚ್ಚುವರಿ ದುಡಿಮೆಯ ಕೂಲಿಯನ್ನೇ) ನುಂಗುತ್ತದೆ. ಶನಿವಾರ ರಾತ್ರಿ 10ಕ್ಕೆ ಬಂದವನು ಭಾನುವಾರ ಬೆಳಿಗ್ಗೆ 8:30ರವರೆಗೆ ನಿಂತ, ಭಾನುವಾರ ರಾತ್ರಿ ಅವನಿಗೆ ಆಫ್. ನಸುಕಿನ ಅರ್ಧ ಗಂಟೆಯ ವಿರಾಮ ಕಳೆದರೆ 10 ಗಂಟೆ ಕೆಲಸ. ಆ ಕಾಯ್ದೆಯಂತೆ ದಿನಕ್ಕೆ 9 ಗಂಟೆ ಮೀರಿದ್ದಕ್ಕೆ ದುಪ್ಪಟ್ಟು ದರ, ಅಂದರೆ ಒಂದು ಗಂಟೆಯ ಓಟಿ ಸಿಗಬೇಕಿತ್ತು. ತುಂಡು ಮಾಡಿದ ಲೆಕ್ಕದಲ್ಲಿ ಶನಿವಾರಕ್ಕೆ 2, ಭಾನುವಾರಕ್ಕೆ 8. ಶುಕ್ರವಾರ ರಾತ್ರಿಯ ಪಾಳಿಯಿಂದ ಶನಿವಾರಕ್ಕೆ ಬಿದ್ದ ಗಂಟೆಗಳನ್ನು ಕೂಡಿಸಿದರೂ ಯಾವ ದಿನವೂ 9 ದಾಟುವುದಿಲ್ಲ. ರಾತ್ರಿಯಿಡೀ ನಿದ್ದೆಗೆಟ್ಟವನ ಕೂಲಿ ಹೀಗೆ ಹೋಗುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಪ್ರತಿ ಪಂಚ್ ಜೋಡಿಗೂ ‘ಶಿಫ್ಟ್ ದಿನ’ ಎಂಬ ಕಾಲಂ ಕೊಟ್ಟು, ಪಾಳಿ ಶುರುವಾದ ತಾರೀಖನ್ನು ಅಲ್ಲಿ ಹಾಕಿ, ಮೊತ್ತವನ್ನೆಲ್ಲ ಅದರ ಮೇಲೆಯೇ ತೆಗೆಯಿರಿ.

ಓಟಿಯ ಮಿತಿಯನ್ನೂ ಸೂತ್ರದೊಳಗೆ 9 ಎಂದು ಬರೆದಿಡಬೇಡಿ. ಕರ್ನಾಟಕ 2023ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದಿತು, 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಲ್ಲಿವೆ. ಮಿತಿಗೂ ತಾರೀಖು ಸಹಿತ ಒಂದು ಟೇಬಲ್ ಇರಲಿ.

ಗಂಟೆ ಎಣಿಸುವಾಗ, ಎರಡು ಸಮಯಗಳ ಅಂತರ ಕೊಡುವ ಪವರ್ ಬಿಐನ ಡೇಟ್‌ಡಿಫ್ ಫಂಕ್ಷನ್ನಿಗೆ ‘ಅವರ್’ ಕೊಡಬೇಡಿ. ಅದು 6:00, 7:00 ಹೀಗೆ ಎಷ್ಟು ಗಂಟೆಯ ಗೆರೆಗಳು ದಾಟಿದವು ಎಂದಷ್ಟೇ ಎಣಿಸುತ್ತದೆ. 5:52ರಿಂದ 14:04ಕ್ಕೆ 9 ಎನ್ನುತ್ತದೆ, ನಿಜವಾಗಿ ಆದದ್ದು 8 ಗಂಟೆ 12 ನಿಮಿಷ. ನಿಮಿಷದಲ್ಲಿ ಎಣಿಸಿ 60ರಿಂದ ಭಾಗಿಸಿ. ಎಕ್ಸೆಲ್‌ನಲ್ಲಿ ವಾರದ ಮೊತ್ತ 49:30 ಇದ್ದದ್ದು 1:30 ಎಂದು ಕಂಡರೆ ಸೆಲ್ ಫಾರ್ಮ್ಯಾಟ್ ನೋಡಿ, ಗಂಟೆಯ ಅಕ್ಷರ [h]:mm ಎಂಬಂತೆ ಚೌಕ ಆವರಣದೊಳಗಿರಬೇಕು.

ಮಿಸ್ ಪಂಚ್ ಆದ ದಿನಕ್ಕೆ ತಾನಾಗಿಯೇ 8 ಗಂಟೆ ತುಂಬುವ ಸೂತ್ರವನ್ನೂ ನಾನು ಒಪ್ಪುವುದಿಲ್ಲ, ಸೊನ್ನೆ ಹಾಕುವುದನ್ನೂ ಒಪ್ಪುವುದಿಲ್ಲ. ಅಂಥ ಸಾಲುಗಳೆಲ್ಲ ಬೇರೆ ಪುಟದಲ್ಲಿ ಬಂದು, ಪೇರೋಲ್ ಮುಚ್ಚುವ ಮುನ್ನ ಆಯಾ ಸೂಪರ್‌ವೈಸರ್ ಕೈಗೆ ಹೋಗಲಿ.