ಪಹಣಿ ನಿಮ್ಮದು, ನೆಲದಡಿಯ ಚಿನ್ನ ಯಾರದು?

ಕಳೆದ ಮುಂಗಾರಿಗೆ ಸ್ವಲ್ಪ ಮುಂಚೆ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ರೈತರೊಬ್ಬರು ತುಮಕೂರಿನ ನನ್ನ ಕಚೇರಿಗೆ ಬಂದರು. ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲದಲ್ಲಿ ಪಹಣಿ, ಮ್ಯುಟೇಷನ್ ಪ್ರತಿ, ಮಾಸಿದ ಟಿಪ್ಪಣಿ ನಕಲು, ಅವುಗಳ ನಡುವೆ ನಾಲ್ಕಾಗಿ ಮಡಚಿದ ಛಾಪಾ ಕಾಗದ. ತಮ್ಮ ಮೂರು ಎಕರೆಯಲ್ಲಿ ‘ಚಿನ್ನ ಮತ್ತು ಇತರೆ ಖನಿಜಗಳನ್ನು ಶೋಧಿಸುವ ಸಂಪೂರ್ಣ ಹಕ್ಕನ್ನು’ ಬೆಂಗಳೂರಿನ ವ್ಯಕ್ತಿಯೊಬ್ಬರಿಗೆ ಐದು ವರ್ಷಕ್ಕೆ ಬರೆದುಕೊಡುವ ಕರಾರು ಅದು. ಸಹಿ ಇನ್ನೂ ಬಿದ್ದಿರಲಿಲ್ಲ. ಮುಂಗಡ ಮಾತ್ರ ಕೈಸೇರಿತ್ತು, ಮಗಳ ಕಾಲೇಜು ಶುಲ್ಕಕ್ಕೆ ಅದರಲ್ಲಿ ಅರ್ಧ ಹೋಗಿಯೂ ಆಗಿತ್ತು.

‘ಪಕ್ಕದ ಕಬ್ಬಿಣದ ಗಣಿಯ ಗುತ್ತಿಗೆ ನಮ್ಮ ಸರ್ವೆ ನಂಬರಿನ ಒಂದು ಮೂಲೆಗೂ ಬರುತ್ತದಂತೆ. ಅವರದು ಕಬ್ಬಿಣಕ್ಕೆ, ನಮ್ಮದು ಚಿನ್ನಕ್ಕೆ, ಒಂದಕ್ಕೊಂದು ಅಡ್ಡ ಬರುವುದಿಲ್ಲ ಎನ್ನುತ್ತಾನೆ ಕರಾರು ತಂದ ದಲ್ಲಾಳಿ. ನಿಜವೇ ಸಾರ್?’ ಎಂದು ಕೇಳಿದರು.

ದಲ್ಲಾಳಿ ಹೇಳಿದ್ದರಲ್ಲಿ ಅರ್ಧ ನಿಜವಿತ್ತು. ನಮ್ಮ ಸೀಮೆಯಲ್ಲಿ ಜನ ಸಿಕ್ಕಿಬೀಳುತ್ತಿರುವುದು ಆ ಅರ್ಧ ನಿಜವನ್ನು ನಂಬಿಯೇ. ಅದಕ್ಕಾಗಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಬರೆದುಕೊಡಲು ಆ ರೈತರ ಬಳಿ ಅಂಥ ಹಕ್ಕೇ ಇರಲಿಲ್ಲ. ಕರ್ನಾಟಕ ಭೂಕಂದಾಯ ಅಧಿನಿಯಮ 1964ರ 70ನೇ ಕಲಮಿನ ಪ್ರಕಾರ ಗಣಿ ಮತ್ತು ಖನಿಜಗಳ ಹಕ್ಕು ರಾಜ್ಯ ಸರ್ಕಾರದ್ದು. ಪಹಣಿ ಹೇಳುವುದು ಉಳುಮೆಯ ನೆಲದ ಬಗ್ಗೆ. ಇದರ ಮೇಲೆ ಗಣಿ ಮತ್ತು ಖನಿಜಗಳ (ಅಭಿವೃದ್ಧಿ ಮತ್ತು ನಿಯಂತ್ರಣ) ಅಧಿನಿಯಮ 1957ರ 4ನೇ ಕಲಮು ಇದೆ: ಪರವಾನಗಿ ಇಲ್ಲದೆ ಅಗೆಯುವಂತಿಲ್ಲ, ಹುಡುಕುವಂತೆಯೂ ಇಲ್ಲ. ಮೀರಿದರೆ ಐದು ವರ್ಷದವರೆಗೆ ಸೆರೆ, ಹೆಕ್ಟೇರಿಗೆ ಐದು ಲಕ್ಷ ರೂಪಾಯಿವರೆಗೆ ದಂಡ. ಡ್ರಿಲ್ ಯಂತ್ರ ತಂದವನು ರಾತ್ರೋರಾತ್ರಿ ಜಾಗ ಖಾಲಿ ಮಾಡಬಹುದು. ಜಮೀನು ಬಿಟ್ಟುಕೊಟ್ಟವನು ಎಲ್ಲಿಗೆ ಹೋಗುತ್ತಾನೆ?

ಈ ಮಾತನ್ನು ಕೋಲಾರದ ಕಡೆಯವರಿಗೆ ಹೇಳುವಾಗ ನಾನು ಮೈಕೆಲ್ ಲ್ಯಾವೆಲ್ಲೆಯ ಕಥೆಯಿಂದ ಶುರುಮಾಡುತ್ತೇನೆ. ಬೆಂಗಳೂರಿನಲ್ಲಿ ನೆಲೆಸಿದ್ದ ಆ ನಿವೃತ್ತ ಸೈನಿಕ, ಅದಕ್ಕೂ ಏಳು ದಶಕ ಹಿಂದೆ ಬ್ರಿಟಿಷ್ ಸೇನಾಧಿಕಾರಿ ಜಾನ್ ವಾರೆನ್ ಅಲ್ಲಿಯ ಚಿನ್ನದ ಬಗ್ಗೆ ಬರೆದಿದ್ದ ವರದಿಯನ್ನು ಓದಿ ಕೋಲಾರದ ನೆಲದಲ್ಲಿ ಚಿನ್ನ ಹುಡುಕಲು ಹೊರಟ. ಆದರೂ 1873ರಲ್ಲಿ ಆತ ಅರ್ಜಿ ಹಿಡಿದು ಹೋದದ್ದು ಮೈಸೂರು ಸರ್ಕಾರದ ಬಳಿಗೆ, ಊರಿನ ಜಮೀನುದಾರರ ಬಳಿಗಲ್ಲ. ಗುತ್ತಿಗೆ ಸಿಕ್ಕಿದ್ದು 1875ರಲ್ಲಿ. ಅಮೆರಿಕದಲ್ಲಿ 1872ರ ಗಣಿ ಕಾನೂನಿನಂತೆ ಸರ್ಕಾರಿ ನೆಲದಲ್ಲಿ ಖನಿಜ ಕಂಡವನು ಗೂಟ ನೆಟ್ಟು ತನ್ನದೆಂದು ದಾಖಲಿಸಿಕೊಳ್ಳಬಹುದು. ಅಲ್ಲಿಯ ವಿಡಿಯೊಗಳನ್ನು ನೋಡಿ ಮೆಟಲ್ ಡಿಟೆಕ್ಟರ್ ಕೊಂಡ ಬಂಗಾರಪೇಟೆಯ ಹುಡುಗರು ನನ್ನನ್ನು ಕೇಳಿದ್ದುಂಟು. ನಮ್ಮಲ್ಲಿ ಮೊದಲು ಕಂಡವನಿಗೆ ಅಂಥ ಹಕ್ಕಿಲ್ಲ ಎಂದಾಗ ಅವರ ಮುಖ ಬಾಡಿತು.

ಈಗ ಕಬ್ಬಿಣ ಮತ್ತು ಚಿನ್ನದ ಪ್ರಶ್ನೆಗೆ ಬರೋಣ. ತುಮಕೂರಿನಲ್ಲಿ ಇದು ಬರೀ ಊಹೆಯ ಪ್ರಶ್ನೆಯಲ್ಲ. ಚಿತ್ರದುರ್ಗದ ಶಿಲಾಪಟ್ಟಿ ಚಿಕ್ಕನಾಯಕನಹಳ್ಳಿಯ ಗುಡ್ಡಸಾಲನ್ನು ಹಾದುಹೋಗುತ್ತದೆ. ಅದರಲ್ಲಿ ಕಬ್ಬಿಣ, ಮ್ಯಾಂಗನೀಸ್, ಸುಣ್ಣಕಲ್ಲು ಎಲ್ಲವೂ ಇವೆ. ಅದೇ ತಾಲ್ಲೂಕಿನ ಬೆಳ್ಳಾರದಲ್ಲಿ ಚಿನ್ನದ ಗಣಿ ಇತ್ತು, ಶಿರಾ ತಾಲ್ಲೂಕಿನ ಅಜ್ಜನಹಳ್ಳಿಯಲ್ಲಿ ರಾಜ್ಯ ಸರ್ಕಾರದ ಹಟ್ಟಿ ಚಿನ್ನದ ಗಣಿ ಕಂಪನಿ ಚಿನ್ನ ತೆಗೆದಿದೆ. ಒಂದು ಖನಿಜದ ಗುತ್ತಿಗೆಯೊಳಗೆ ಇನ್ನೊಂದು ಖನಿಜದ ಸುಳಿವು ಸಿಗುವುದು ಇಂಥ ನೆಲದ ಸ್ವಭಾವ.

ಗಣಿ ಗುತ್ತಿಗೆಯನ್ನು ಕೊಡುವುದು ಹೆಸರಿಸಿದ ಖನಿಜಕ್ಕೆ ಮಾತ್ರ. ಪತ್ರದಲ್ಲಿ ಇಲ್ಲದ ಖನಿಜ ಕಂಡರೆ ಗುತ್ತಿಗೆದಾರ ಅರವತ್ತು ದಿನದೊಳಗೆ ಸರ್ಕಾರಕ್ಕೆ ತಿಳಿಸಬೇಕು, ಅದನ್ನು ಗುತ್ತಿಗೆಗೆ ಸೇರಿಸುವ ತನಕ ಮಾರುವಂತಿಲ್ಲ. ಸೇರಿಸಿಕೊಡಿ ಎಂದು ಅರ್ಜಿ ಹಾಕುವ ದಾರಿಯನ್ನು ಇದೇ 1957ರ ಅಧಿನಿಯಮದ 2025ರ ತಿದ್ದುಪಡಿ ಇನ್ನಷ್ಟು ಸ್ಪಷ್ಟಪಡಿಸಿದೆ. ಹಾಗಾದರೆ ಮೂರನೆಯವನು ಒಳಗೆ ಬರಲು ಸಾಧ್ಯವೇ ಇಲ್ಲವೇ? ಇದೆ. 1960ರ ಖನಿಜ ರಿಯಾಯಿತಿ ನಿಯಮಾವಳಿಯಡಿ ಆದ ಗುತ್ತಿಗೆಗಳಿಗೆ ಒಂದು ಷರತ್ತು ಅಂಟಿಕೊಂಡಿದೆ. ಬಹಳ ಜನ ಅದನ್ನು ಓದಿಯೇ ಇರುವುದಿಲ್ಲ. ಗುತ್ತಿಗೆ ಪ್ರದೇಶದೊಳಗೆ ಅಥವಾ ಅಂಚಿನಲ್ಲಿ ಬೇರೆಯವರು ಪರವಾನಗಿ ಹೊಂದಿದ್ದರೆ, ಮುಂದೆ ಹೊಂದಿದರೂ, ಅವರಿಗೆ ಹೋಗಿಬರಲು ದಾರಿ ಕೊಡಬೇಕು. ಹಾಗೆ ಬಂದವರು ಮೊದಲಿನವರ ಕೆಲಸಕ್ಕೆ ಹೇಳಿಕೊಳ್ಳುವಂಥ ಅಡ್ಡಿ ಮಾಡಬಾರದು, ನಷ್ಟವಾದರೆ ತುಂಬಿಕೊಡಬೇಕು.

ದಲ್ಲಾಳಿಯ ಅರ್ಧ ನಿಜ ಇಷ್ಟೇ. ಅವನು ಮುಚ್ಚಿಟ್ಟಿದ್ದ ಇನ್ನರ್ಧವೆಂದರೆ, ಆ ‘ಬೇರೆಯವರನ್ನು’ ಒಳಗೆ ಬಿಡುವ ಅಧಿಕಾರ ಸರ್ಕಾರಕ್ಕೆ ಮಾತ್ರ ಇದೆ. 2015ರಿಂದ ಅದು ಹರಾಜಿನ ಮೂಲಕ ಆಗುತ್ತಿದೆ: ಹುಡುಕಿ ಅಗೆಯುವ ಸಂಯುಕ್ತ ಪರವಾನಗಿ ಒಂದು, 2023ರಲ್ಲಿ ಚಿನ್ನವೂ ಸೇರಿ 29 ಖನಿಜಗಳಿಗೆಂದು ಬಂದ ಅನ್ವೇಷಣಾ ಪರವಾನಗಿ ಇನ್ನೊಂದು. ಆ ಬೆಂಗಳೂರಿನ ವ್ಯಕ್ತಿ ಕೊಟ್ಟಿದ್ದ ಜೆರಾಕ್ಸ್ ನೋಡಿದೆ. ಅದು 2015ರ ಜನವರಿಗೂ ಮುಂಚಿನ ಯಾರದೋ ಶೋಧನಾ ಪರವಾನಗಿ. ಹರಾಜು ಪದ್ಧತಿ ಬಂದಾಗ ಅಂಥವರಿಗೆ ಗುತ್ತಿಗೆ ಪಡೆಯುವ ಹಕ್ಕನ್ನು ಉಳಿಸಿಕೊಟ್ಟಿದ್ದರು. ಇತ್ಯರ್ಥವಾಗದೆ ಬಾಕಿ ಉಳಿದಿದ್ದ ಆ ಹಕ್ಕುಗಳನ್ನು 2021ರ ತಿದ್ದುಪಡಿ ಕೊನೆಗೊಳಿಸಿತು. ಹೀಗೆ ಜೀವ ಹೋದ ಕಾಗದವನ್ನು ಲ್ಯಾಮಿನೇಟ್ ಮಾಡಿಸಿ ಊರೂರು ತಿರುಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಚಿಕ್ಕಬಳ್ಳಾಪುರದಲ್ಲಿ ತೊಡಕು ಬೇರೆ ಬಗೆಯದು. ಅಲ್ಲಿ ಹೆಚ್ಚಾಗಿರುವುದು ಕಟ್ಟಡ ಕಲ್ಲು, ಗ್ರಾನೈಟ್. ಇವು ಉಪಖನಿಜಗಳು, 1994ರ ರಾಜ್ಯ ನಿಯಮಾವಳಿಗೆ ಒಳಪಟ್ಟವು. ಕ್ವಾರಿಯ ಪರವಾನಗಿ ಇದೆಯೆಂದು ಅದೇ ಬಂಡೆಯಡಿ ಬೇರೆ ಖನಿಜ ಹುಡುಕಲು ಬರುವುದಿಲ್ಲ.

‘ಆ ಗಣಿ ಮುಚ್ಚಿ ಎಷ್ಟೋ ವರ್ಷವಾಯಿತು, ಈಗ ಯಾರ ಹಕ್ಕೂ ಇಲ್ಲ’ ಎನ್ನುವ ವಾದವೂ ಆಗಾಗ ಬರುತ್ತದೆ. ಗುತ್ತಿಗೆ ಮುಗಿದರೆ ನೆಲ ಖಾಲಿಯಾಗುವುದಿಲ್ಲ, ಮತ್ತೆ ಹರಾಜಿಗೆ ಬರುತ್ತದೆ. ಕೆಜಿಎಫ್‌ನ ಗಣಿಗಳು ನಿಂತಿದ್ದು 2001ರ ಫೆಬ್ರವರಿ 28ರಂದು. ಅಲ್ಲಿಯ ಸೈನೈಡ್ ದಿಬ್ಬಗಳ ಮಣ್ಣಿನಲ್ಲಿ ಇನ್ನೂ ಉಳಿದಿರುವ ಚಿನ್ನದ ಬಗ್ಗೆ ಇಂದಿಗೂ ತೀರ್ಮಾನ ಮಾಡುತ್ತಿರುವುದು ಕೇಂದ್ರ ಮತ್ತು ರಾಜ್ಯ ಸರ್ಕಾರಗಳೇ. ಬಿಟ್ಟ ಗಣಿ ಯಾರದೂ ಅಲ್ಲವೆಂದು 2020ರಲ್ಲಿ ಮಾರಿಕುಪ್ಪಂನ ಹಳೆಯ ಸುರಂಗಕ್ಕೆ ಇಳಿದವರಲ್ಲಿ ಮೂವರು ಮೇಲೆ ಬರಲಿಲ್ಲ.

ಕಾಗದವನ್ನೆಲ್ಲ ನೋಡಿದ ಮೇಲೆ ನಾನು ರೈತರೊಂದಿಗೆ ಅವರ ಹೊಲಕ್ಕೆ ಹೋದೆ. ಇತರೆ ಹಕ್ಕು, ಋಣಗಳನ್ನು ಬರೆಯುವ ಪಹಣಿಯ 11ನೇ ಕಾಲಂನಲ್ಲಿ ಗುತ್ತಿಗೆಯ ಪ್ರಸ್ತಾಪ ಇರಲಿಲ್ಲ. ಅದು ಖಾಲಿ ಇದ್ದರೆ ಗುತ್ತಿಗೆ ಇಲ್ಲವೆಂದು ತಿಳಿಯುವುದು ತಪ್ಪು. ಗುತ್ತಿಗೆಯ ನಕ್ಷೆಯನ್ನೂ ಗಡಿಯ ಅಕ್ಷಾಂಶ ರೇಖಾಂಶಗಳನ್ನೂ ಜಿಲ್ಲೆಯ ಗಣಿ ಮತ್ತು ಭೂವಿಜ್ಞಾನ ಇಲಾಖೆಯಿಂದ, ಬೇಕಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿಯಾದರೂ, ಪಡೆಯಬೇಕು. ನಾವು ಹಾಗೆಯೇ ಪಡೆದಿದ್ದೆವು. ಜಿಪಿಎಸ್ ಹಿಡಿದು ನಡೆದಾಗ ಬೇಲಿಯ ಲಂಟಾನದೊಳಗೆ ಗುತ್ತಿಗೆಯ ಗಡಿ ಗುರುತಿಸುವ ಸೊಂಟದೆತ್ತರದ ಕಾಂಕ್ರೀಟ್ ಕಂಬ ಸಿಕ್ಕಿತು. ಒಂದು ಬದಿಯಲ್ಲಿ ಕೆಂಪು ಬಣ್ಣದ ಅಂಕಿ, ಇನ್ನೊಂದು ಬದಿಯ ಬಣ್ಣ ಹಗ್ಗ ಉಜ್ಜಿ ಹೋಗಿತ್ತು. ಅದು ಅವರು ದಿನವೂ ಎಮ್ಮೆ ಕಟ್ಟುವ ಕಂಬ. ಜಲಾನಯನ ಇಲಾಖೆಯವರು ನೆಟ್ಟಿದ್ದೆಂದು ಅಂದುಕೊಂಡಿದ್ದರಂತೆ. ಅಳೆದಾಗ ಮೂರು ಎಕರೆಯಲ್ಲಿ ಒಂದು ಎಕರೆ ಎಂಟು ಗುಂಟೆ ಗುತ್ತಿಗೆಯೊಳಗೆ ಬಿತ್ತು. ಅವರು ಹೇಳಿದ್ದ ‘ಒಂದು ಮೂಲೆ’ ಇದು.

ಗಡಿಯ ಬಗ್ಗೆ ನಾನು ಇಷ್ಟು ಹಟ ಹಿಡಿಯಲು ಕಾರಣವಿದೆ. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ನಂತರ ತುಮಕೂರು, ಚಿತ್ರದುರ್ಗದಲ್ಲೂ ಕಬ್ಬಿಣದ ಗಣಿಗಾರಿಕೆಯನ್ನು ನಿಲ್ಲಿಸಿತು. ಆಮೇಲೆ ಜಂಟಿ ತಂಡ ಒಂದೊಂದೇ ಗುತ್ತಿಗೆಯನ್ನು ನೆಲದ ಮೇಲೆ ಅಳೆದಾಗ, ನಕ್ಷೆಯ ಗಡಿಯೇ ಬೇರೆ, ಅಗೆದ ಗಡಿಯೇ ಬೇರೆ ಎಂಬುದು ಎಷ್ಟೋ ಕಡೆ ಬಯಲಾಯಿತು. ಅತಿಕ್ರಮಣದ ಪ್ರಮಾಣ ನೋಡಿ ಎ, ಬಿ, ಸಿ ಎಂದು ವಿಂಗಡಿಸಿದರು. 2013ರ ಏಪ್ರಿಲ್ ತೀರ್ಪಿನಲ್ಲಿ, ಅತಿಕ್ರಮಣ ಅತಿ ಹೆಚ್ಚಿದ್ದ ಸಿ ವರ್ಗದವು ರದ್ದಾದವು. ಕಾಗದ ಮತ್ತು ನೆಲ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡದೆ ಯಾರಿಗೂ ಸಲಹೆ ಕೊಡಬಾರದೆಂದು ಅಂದೇ ನಿರ್ಧರಿಸಿದೆ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಂಥ ಸರ್ಕಾರಿ ಸಂಸ್ಥೆಯವರು ಬಂದು ಕೊಳವೆ ಕೊರೆದರೆ ಜಮೀನು ಹೋಯಿತೆಂದು ಹೆದರಬೇಕಿಲ್ಲ. ಅವರಿಗೆ ಶೋಧನಾ ಪರವಾನಗಿ ಬೇಕಾಗಿಲ್ಲ, ಅವರ ಕೆಲಸದಿಂದ ಯಾರಿಗೂ ಗುತ್ತಿಗೆ ಸಿಕ್ಕಿದಂತೆಯೂ ಅಲ್ಲ. ಗುರುತಿನ ಚೀಟಿ ಕೇಳಿ, ಬೆಳೆ ಹಾಳಾದರೆ ಬರೆದಿಟ್ಟುಕೊಳ್ಳಿ.

ಕರಾರಿಗೆ ಸಹಿ ಹಾಕುವುದಿಲ್ಲವೆಂದು ರೈತರು ಅಲ್ಲೇ ಹೇಳಿದರು. ಮುಂಗಡವನ್ನು ಎರಡು ಕಂತಿನಲ್ಲಿ ಹಿಂತಿರುಗಿಸಲು ಪತ್ರ ಬರೆದೆವು. ಕಾಫಿ ಕೊಡಲು ಬಂದ ಅವರ ಹೆಂಡತಿ ಅದುವರೆಗೆ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದವರು, ‘ಹಾಗಾದರೆ ಪರವಾನಗಿ ಇದ್ದವರು ನಮ್ಮ ಹಿತ್ತಿಲಿಗೂ ನುಗ್ಗಬಹುದೇ?’ ಎಂದು ಕೇಳಿದರು. 1957ರ ಗಣಿ ಅಧಿನಿಯಮದ 24ಎ ಕಲಮು ಇರುವುದು ಈ ಪ್ರಶ್ನೆಗೇ. ಪರವಾನಗಿ ಅಥವಾ ಗುತ್ತಿಗೆ ಇದ್ದವರು ಆ ಜಮೀನಿಗೆ ಬರಬಹುದು. ಆದರೆ ಮನೆಯೊಳಕ್ಕಾಗಲಿ, ಮನೆಗೆ ಸೇರಿದ ಅಂಗಳ ಹಿತ್ತಿಲುಗಳಿಗಾಗಲಿ, ವಾಸವಿರುವವರು ಒಪ್ಪದಿದ್ದರೆ, ಕನಿಷ್ಠ ಏಳು ದಿನ ಮುಂಚೆ ಲಿಖಿತ ನೋಟಿಸ್ ಕೊಡದೆ ಕಾಲಿಡುವಂತಿಲ್ಲ. ನೆಲದ ಮೇಲೆ ಆದ ನಷ್ಟಕ್ಕೂ, ಆಗಬಹುದಾದ ನಷ್ಟಕ್ಕೂ ಪರಿಹಾರ ಕೊಡಬೇಕು, ಅದರ ಮೊತ್ತವನ್ನು ನಿಗದಿ ಮಾಡುವುದು ಸರ್ಕಾರ. ಆಕೆ ಗೋಡೆಯ ಕ್ಯಾಲೆಂಡರಿನಿಂದ ಕಳೆದ ತಿಂಗಳ ಹಾಳೆ ಹರಿದು, ಹಿಂಬದಿಯಲ್ಲಿ ಕಲಮಿನ ಸಂಖ್ಯೆಯನ್ನೂ ‘ಏಳು ದಿನ, ಬರಹದಲ್ಲಿ’ ಎಂಬುದನ್ನೂ ನನ್ನ ಕೈಯಿಂದಲೇ ಬರೆಸಿಕೊಂಡರು.