ಜೇಕಿನ ಗಡ್ಡೆ, ಅಮೆರಿಕದ ಗ್ಯಾಸು, ನಮ್ಮ ಕೆಸರು ಗದ್ದೆ

ಫೆಬ್ರವರಿಯಲ್ಲಿ ಕೊಡಗಿನ ಶನಿವಾರಸಂತೆ ಕಡೆ ಹೋದರೆ ಗದ್ದೆ ತುಂಬ ಹಸಿಮೆಣಸಿನ ಗಿಡ. ಭತ್ತ ಕೊಯ್ದ ಮೇಲೆ ಅದೇ ಗದ್ದೆಗೆ ಮೆಣಸಿನ ಸಸಿ ನೆಡುವುದು ಅಲ್ಲಿಯ ರೂಢಿ. ಈ ಸಲ ನಾನು ಹೋದಾಗ ಗೆಳೆಯನ ಗದ್ದೆಯಲ್ಲಿ ಐದಾರು ಹೆಂಗಸರು ಕಳೆ ಕೀಳುತ್ತಿದ್ದರು. ಅವರಲ್ಲೊಬ್ಬರು ಕುಡುಗೋಲಿನ ತುದಿಯಿಂದ ಒಂದು ಜೇಕಿನ ಬುಡ ಬಿಡಿಸಿ ತೋರಿಸಿದರು. ಮೇಲೆ ಗೇಣುದ್ದದ ಹುಲ್ಲು. ಬುಡದಲ್ಲಿ ಒಂದು ಗಡ್ಡೆ. ಅಲ್ಲಿಂದ ತಂತಿಯಂಥ ಬೇರು, ಅದರ ತುದಿಗೆ ಇನ್ನೊಂದು ಕಪ್ಪು ಗಡ್ಡೆ, ಅದರಾಚೆ ಮತ್ತೊಂದು. ಎಳೆದರೆ ಮೂರನೇ ಗಡ್ಡೆ ಹತ್ತಿರ ಪಟ್ ಅಂತ ಕಡಿಯಿತು.

'ಉಳಿದದ್ದು ಒಳಗೇ ಇದೆ ಅಣ್ಣ. ಇದು ಕಳೆ ಕೀಳೋದಲ್ಲ, ತಲೆ ಬೋಳಿಸೋದು ಅಷ್ಟೇ' ಎಂದರು.

ಗ್ರಂದಿಗೆ ಅಂಗಡಿಯಲ್ಲಿ ಇದೇ ಗಡ್ಡೆಯನ್ನು ಭದ್ರಮುಷ್ಟಿ ಅಂತ ಕಾಸು ಕೊಟ್ಟು ಕೊಳ್ಳುತ್ತೇವೆ. ಗದ್ದೆಯಲ್ಲಿ ಮಾತ್ರ ಇದರಷ್ಟು ಹಟಮಾರಿ ಬೇರೆ ಇಲ್ಲ. 1977ರಲ್ಲಿ ಕಳೆ ತಜ್ಞರು ಜಗತ್ತಿನ ಅತಿ ಕೆಟ್ಟ ಕಳೆಗಳ ಪಟ್ಟಿ ಮಾಡಿದಾಗ ಮೊದಲ ಜಾಗ ಕೊಟ್ಟದ್ದು ಜೇಕಿಗೇ.

ಗೆಳೆಯ ಮೊಬೈಲ್ ತೆಗೆದು ಒಂದು ವಿಡಿಯೊ ತೋರಿಸಿದ. ಅಮೆರಿಕದ ತರಕಾರಿ ಹೊಲ. ಟ್ರ್ಯಾಕ್ಟರ್ ಒಂದೇ ಓಟಕ್ಕೆ ಏರಿ ಕಟ್ಟುತ್ತದೆ, ಮಣ್ಣಿನೊಳಗೆ ಗ್ಯಾಸ್ ಬಿಡುತ್ತದೆ, ಮೇಲೆ ಪ್ಲಾಸ್ಟಿಕ್ ಹಾಸುತ್ತದೆ. ಆಮೇಲೆ ನೆಟ್ಟ ಟೊಮೆಟೊ ಮಧ್ಯೆ ಒಂದು ಎಳೆ ಹುಲ್ಲೂ ಇಲ್ಲ. 'ಇದು ನಮಗೆ ಸಿಗಲ್ವಾ?' ಎಂದ. ಒಂದೇ ಮಾತಲ್ಲಿ ಹೇಳುವುದಾದರೆ, ಇಲ್ಲ. ಆದರೆ ಆ ಗ್ಯಾಸಿನ ಕಥೆ ಸ್ವಲ್ಪ ಉದ್ದವಿದೆ.

ಮಣ್ಣಿಗೆ ಗ್ಯಾಸ್ ಬಿಡುವ ಯೋಚನೆ ಶುರುವಾದದ್ದು ಕಳೆಗಲ್ಲ, ಹುಳುವಿಗೆ. 1870ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ಬೇರನ್ನು ಫಿಲಾಕ್ಸೆರಾ ಎಂಬ ಕೀಟ ತಿಂದು ಮುಗಿಸುತ್ತಿದ್ದಾಗ ಅಲ್ಲಿಯವರು ಬುಡಕ್ಕೆ ಕಾರ್ಬನ್ ಡೈಸಲ್ಫೈಡ್ ಚುಚ್ಚಿದರು. 1943ರಲ್ಲಿ ಹವಾಯಿಯ ಅನಾನಸ್ ತೋಟಗಳಲ್ಲಿ ವಾಲ್ಟರ್ ಕಾರ್ಟರ್ ಎಂಬ ವಿಜ್ಞಾನಿ ಡಿ-ಡಿ ಎಂಬ ಮಿಶ್ರಣವನ್ನು ಬೇರಿಗೆ ಹತ್ತುವ ಜಂತುಹುಳುಗಳ (ನೆಮಟೋಡ್) ಮೇಲೆ ಪ್ರಯೋಗಿಸಿದರು. ಅದು ಅಗ್ಗವಾಗಿತ್ತು, ಕೆಲಸವೂ ಮಾಡಿತು. ಅಲ್ಲಿಂದ ಮುಂದೆ ಒಂದರ ಹಿಂದೆ ಒಂದು ಹೊಸ ಗ್ಯಾಸು. ಇವೆಲ್ಲದರಲ್ಲೂ ರಾಜನಾಗಿ ಮೆರೆದದ್ದು ಮೀಥೈಲ್ ಬ್ರೋಮೈಡ್.

ಇದು ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ. ಹಾಗಾಗಿ ಮಣ್ಣಿನ ಸಂದುಗೊಂದಿಗೆಲ್ಲ ತಾನೇ ನುಗ್ಗುತ್ತದೆ. ಬೂಷ್ಟು, ಜಂತುಹುಳು, ಕಳೆ ಬೀಜ, ಜೇಕಿನ ಗಡ್ಡೆ ಎಲ್ಲ ಒಂದೇ ಏಟಿಗೆ. ಇದಕ್ಕೆ ವಾಸನೆ ಇಲ್ಲ. ಮನುಷ್ಯರು ಗೊತ್ತಾಗದೇ ಉಸಿರಾಡಿ ಸತ್ತಾರು ಅಂತ ಎಚ್ಚರಿಕೆಗೆ ಕ್ಲೋರೋಪಿಕ್ರಿನ್ ಬೆರೆಸುತ್ತಿದ್ದರು. ಅದು ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟಿದ್ದ ವಿಷಾನಿಲ! ಫ್ಲೋರಿಡಾದ ಟೊಮೆಟೊ, ಕ್ಯಾಲಿಫೋರ್ನಿಯಾದ ಸ್ಟ್ರಾಬೆರಿ ಎರಡೂ ಈ ಗ್ಯಾಸಿನ ಮೇಲೇ ನಿಂತವು. ಪ್ರತಿ ವರ್ಷ ಅದೇ ನೆಲ, ಅದೇ ಬೆಳೆ. ಬೆಳೆ ಬದಲಾಯಿಸುವ ಅಗತ್ಯವೇ ಬೀಳಲಿಲ್ಲ.

ಆಮೇಲೆ ಓಝೋನ್ ಪದರದ ವಿಚಾರ ಬಂತು. ಓಝೋನ್ ಕೆಡಿಸುವುದರಲ್ಲಿ ಈ ಗ್ಯಾಸಿನೊಳಗಿನ ಬ್ರೋಮಿನ್ ಕ್ಲೋರಿನ್‌ಗಿಂತ ಹತ್ತಾರು ಪಟ್ಟು ಜೋರು. ಓಝೋನ್ ಕೆಡಿಸುವ ವಸ್ತುಗಳನ್ನು ನಿಲ್ಲಿಸಲು ದೇಶಗಳು ಮಾಡಿಕೊಂಡ 1987ರ ಮಾಂಟ್ರಿಯಲ್ ಒಪ್ಪಂದದ ಪಟ್ಟಿಗೆ 1992ರಲ್ಲಿ ಕೋಪನ್‌ಹೇಗನ್ ಸಭೆ ಮೀಥೈಲ್ ಬ್ರೋಮೈಡನ್ನೂ ಸೇರಿಸಿತು. ಶ್ರೀಮಂತ ದೇಶಗಳಿಗೆ 2005ರ ಗಡುವು, ನಮ್ಮಂಥ ದೇಶಗಳಿಗೆ 2015. ಬೇರೆ ದಾರಿಯೇ ಇಲ್ಲ ಎಂದು ಅಮೆರಿಕದ ಬೆಳೆಗಾರರು ಗಡುವು ಮುಗಿದ ಮೇಲೂ ವರ್ಷಗಟ್ಟಲೆ ವಿನಾಯಿತಿ ಪಡೆದರು. ಹಡಗಿನ ಸರಕು, ಮರದ ಪೆಟ್ಟಿಗೆಗಳಿಗೆ ರಫ್ತಿನ ಮುಂಚೆ ಹೊಡೆಯಲು ಈಗಲೂ ಅನುಮತಿ ಇದೆ. ಭಾರತದಲ್ಲಿ ಸರ್ಕಾರ ಒಪ್ಪಿದ ತಜ್ಞರ ಉಸ್ತುವಾರಿ ಇಲ್ಲದೆ ಇದನ್ನು ಬಳಸುವ ಹಾಗೇ ಇಲ್ಲ.

ಮಣ್ಣಿಗೆ ಹಾಕುವ ವಿಷಕ್ಕೆ ಹೀಗೆ ತಡೆ ಬಿದ್ದದ್ದು ಇದು ಮೊದಲ ಸಲವೂ ಅಲ್ಲ. ಜಂತುಹುಳುವಿಗೆ ಹಾಕುತ್ತಿದ್ದ ಡಿಬಿಸಿಪಿ ಎಂಬ ಔಷಧಿ ತಯಾರಿಸುತ್ತಿದ್ದ ಗಂಡಸರಿಗೆ ಮಕ್ಕಳಾಗುತ್ತಿಲ್ಲ ಎಂಬುದು 1977ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬೆಳಕಿಗೆ ಬಂತು. ನಮ್ಮಲ್ಲಿ ಅದನ್ನು ನಿಷೇಧಿಸಿದ್ದು 1989ರಲ್ಲಿ. ಇಂಥದೇ ಇನ್ನೊಂದು ಔಷಧಿ ಎಥಿಲೀನ್ ಡೈಬ್ರೋಮೈಡಿಗೆ 2001ರಲ್ಲಿ ಬಾಗಿಲು ಹಾಕಿದರು.

ಮೀಥೈಲ್ ಬ್ರೋಮೈಡ್ ಹೋದ ಜಾಗಕ್ಕೆ ಏನು? ಇಲ್ಲೇ ನೋಡಿ ತಮಾಷೆ. ಒಂದರ ಕೆಲಸಕ್ಕೆ ಮೂರು ಬೇಕಾದವು. ಡೈಕ್ಲೋರೋಪ್ರೊಪೀನ್ ಜಂತುಹುಳುವಿಗೆ ಚೆನ್ನ, ಕಳೆಗೆ ಸಪ್ಪೆ. ಕ್ಲೋರೋಪಿಕ್ರಿನ್ ಬೂಷ್ಟು ರೋಗಕ್ಕೆ ಸರಿ, ಆದರೆ ಅದು ಒಂದೇ ಹೋದರೆ ಮಲಗಿದ್ದ ಜೇಕಿನ ಗಡ್ಡೆಯನ್ನು ಎಬ್ಬಿಸಿ ಚಿಗುರಿಸಿದ್ದೂ ಉಂಟು. ಕಳೆಗೆ ನಿಜವಾಗಿ ಕೆಲಸ ಮಾಡುವುದು ಮೆಟಾಮ್ ಸೋಡಿಯಂ ಎಂಬ ದ್ರವ, ಮತ್ತು ಅದರದೇ ಜಾತಿಯ ಡಾಜೊಮೆಟ್ ಎಂಬ ಹರಳು. ಎರಡೂ ಒದ್ದೆ ಮಣ್ಣಿನಲ್ಲಿ ಒಡೆದು ಮೀಥೈಲ್ ಐಸೋಥಯೋಸಯನೇಟ್ ಎಂಬ ಆವಿ ಬಿಡುತ್ತವೆ. ಹೆಸರು ಕೇಳಿ ಹೆದರಬೇಡಿ. ಸಾಸಿವೆ ಅರೆದಾಗ ಮೂಗಿಗೆ ಹೊಡೆಯುವ ಘಾಟಿನ ದಾಯಾದಿ ಅದು. ಆದರೆ ಈ ಆವಿ ಮಣ್ಣಿನಲ್ಲಿ ದೂರ ಓಡುವುದಿಲ್ಲ. ಔಷಧಿ ಎಲ್ಲಿ ತಲುಪಿತೋ ಅಲ್ಲಷ್ಟೇ ಕಳೆ ಸಾಯುತ್ತದೆ. ಹಾಕಿದ ಮೇಲೆ ವಾರಗಟ್ಟಲೆ ಕಾಯದೇ ನೆಟ್ಟರೆ ಸಸಿಯೂ ಸಾಯುತ್ತದೆ.

ಕೊಡಗಿನಲ್ಲಿ ಕೂತು ಮೆಟಾಮ್ ಬಗ್ಗೆ ಓದುವವರು 1991ರ ಜುಲೈ ತಿಂಗಳನ್ನು ನೆನಪಿಡಬೇಕು. ಕ್ಯಾಲಿಫೋರ್ನಿಯಾದ ಡನ್ಸ್‌ಮ್ಯೂರ್ ಎಂಬ ಬೆಟ್ಟದೂರಿನ ಹತ್ತಿರ ಗೂಡ್ಸ್ ರೈಲಿನ ಟ್ಯಾಂಕರೊಂದು ಸ್ಯಾಕ್ರಮೆಂಟೊ ನದಿಗೆ ಉರುಳಿತು. ಸುಮಾರು 70,000 ಲೀಟರ್ ಮೆಟಾಮ್ ನೀರಿಗೆ ಸೇರಿತು. ಕೆಳಗೆ ಸುಮಾರು 60 ಕಿಲೋಮೀಟರ್ ಉದ್ದಕ್ಕೆ ಮೀನು, ಹುಳು, ಪಾಚಿ ಏನೂ ಉಳಿಯಲಿಲ್ಲ. ನಮ್ಮ ಗದ್ದೆಗಳು ಇರುವುದೇ ತೋಡಿನ ಪಕ್ಕ. ತೋಡು ಹಾರಂಗಿಗೋ ಕಾವೇರಿಗೋ ಹೋಗಿ ಸೇರುತ್ತದೆ. ಟ್ಯಾಂಕರ್ ಅಷ್ಟು ಇಲ್ಲಿ ಯಾರೂ ತರುವುದಿಲ್ಲ, ನಿಜ. ಆದರೂ ಮಳೆ ಇಳಿಜಾರಿನಲ್ಲಿ ತೊಳೆಯುವ ಜಾಗಕ್ಕೆ ಇದು ಹೊಂದುವ ಸರಕಲ್ಲ ಅನ್ನುವುದು ನನ್ನ ಅಭಿಪ್ರಾಯ.

ಮೀಥೈಲ್ ಬ್ರೋಮೈಡಿನ ಜಾಗಕ್ಕೇ ಬಂದ ಮೀಥೈಲ್ ಅಯೋಡೈಡ್ ಬಂದಷ್ಟೇ ಬೇಗ ಹೋಯಿತು. ಅಮೆರಿಕ 2007ರಲ್ಲಿ ಒಪ್ಪಿತು, ಕ್ಯಾನ್ಸರ್ ತರುತ್ತದೆ ಎಂಬ ಗಲಾಟೆ ಎದ್ದಿತು, 2012ರಲ್ಲಿ ತಯಾರಕರೇ ಹಿಂದಕ್ಕೆ ಪಡೆದರು. ಹಾಗೇ ಬಂದ ಇನ್ನೊಂದು, ಡೈಮೀಥೈಲ್ ಡೈಸಲ್ಫೈಡ್, ಕೊಳೆತ ಬೆಳ್ಳುಳ್ಳಿ ವಾಸನೆ ಹೊಡೆಯುತ್ತದೆ. ಇವನ್ನೆಲ್ಲ ಬಿಗಿ ಹಿಡಿಯಲು ಗ್ಯಾಸ್ ಹೊರಗೆ ಬಿಡದ ಹೊಸ ಜಾತಿಯ ಪ್ಲಾಸ್ಟಿಕ್ ಹಾಳೆಗಳೂ ಬಂದವು. ಅದರಿಂದ ಕಡಿಮೆ ಔಷಧಿಯಲ್ಲಿ ಕೆಲಸ ಸಾಗುತ್ತದೆ.

ನಮ್ಮ ಕಡೆ ಮಣ್ಣಿನ ಕಳೆಬೀಜ ಸಾಯಿಸಲು ಹಿಂದೆ ಬಳಸುತ್ತಿದ್ದದ್ದು ಬೆಂಕಿ. ಮಲೆನಾಡಿನ ಕುಮರಿ ಬೇಸಾಯದಲ್ಲಿ ಕಾಡು ಕಡಿದು ಸುಟ್ಟ ಮೊದಲ ವರ್ಷ ಕಳೆ ಕಮ್ಮಿ. ಸುಡುಮಣ್ಣು ಮಾಡುವುದೂ ಅದೇ ಲೆಕ್ಕ. ಕುಶಾಲನಗರ ದಾಟಿ ಪಿರಿಯಾಪಟ್ಟಣದ ಕಡೆ ತಂಬಾಕಿನ ಸಸಿಮಡಿ ಮೇಲೆ ಭತ್ತದ ಹೊಟ್ಟು ಹರಡಿ ಸುಡುವುದು ಹಳೇ ಪದ್ಧತಿ. ಆಮೇಲೆ ಫಾರ್ಮಲಿನ್ ಬಂತು. ಸಸಿಮಡಿಗೆ ಸುರಿದು ಟಾರ್ಪಾಲ್ ಮುಚ್ಚುವುದು, ತೆಗೆದ ಮೇಲೆ ಘಾಟು ಹೋಗುವ ತನಕ ಮಣ್ಣು ಕೆದಕುವುದು. ಕಣ್ಣಲ್ಲಿ ನೀರು ಸುರಿಸಿಕೊಂಡು ನಾನೂ ಕೆದಕಿದ್ದೇನೆ. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಅದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು. ಆಗ ಕೈಗವಸು ಹಾಕಿಕೊಳ್ಳಿ ಅಂತ ಹೇಳಿದವರು ಯಾರೂ ಇರಲಿಲ್ಲ.

ಔಷಧಿ ಇಲ್ಲದ ದಾರಿಗಳಲ್ಲಿ ಹೆಚ್ಚು ಹೆಸರು ಮಾಡಿದ್ದು ಬಿಸಿಲು. 1976ರಲ್ಲಿ ಇಸ್ರೇಲಿನ ಯಾಕೋವ್ ಕಟಾನ್ ಮತ್ತು ಸಂಗಡಿಗರು ಒದ್ದೆ ಮಣ್ಣಿನ ಮೇಲೆ ಪಾರದರ್ಶಕ ಪಾಲಿಥಿನ್ ಹಾಸಿ ಬಿಸಿಲಲ್ಲೇ ಮಣ್ಣು ಬೇಯಿಸಿದರು. ಇದನ್ನೇ ಸೋಲರೈಸೇಶನ್ ಅನ್ನುವುದು. ಕಪ್ಪು ಹಾಳೆ ಹಾಸಿ ಏನೂ ಆಗಲಿಲ್ಲ ಅನ್ನುವವರು ಬಹಳ. ಕಪ್ಪು ಹಾಳೆ ತಾನೇ ಕಾಯುತ್ತದೆ, ಪಾರದರ್ಶಕ ಹಾಳೆ ಬಿಸಿಲನ್ನು ಮಣ್ಣಿಗೆ ಬಿಡುತ್ತದೆ. ಹೆಂಟೆ ಇರಬಾರದು, ಮಣ್ಣು ಹಸಿ ಇರಬೇಕು, ಹಾಳೆ ಮಣ್ಣಿಗೆ ಅಂಟಿರಬೇಕು, ಅಂಚು ಹೂತಿರಬೇಕು, ನಾಲ್ಕರಿಂದ ಆರು ವಾರ ಬಿಡಬೇಕು. ಮೇಲಿನ ಎರಡು ಮೂರು ಇಂಚಿನ ಸಣ್ಣ ಕಳೆ ಬೀಜ ಬೆಂದುಹೋಗುತ್ತವೆ. ಗೇಣು ಆಳದ ಜೇಕಿನ ಗಡ್ಡೆಗೆ ಆ ಬಿಸಿ ತಲುಪುವುದಿಲ್ಲ.

ಇಲ್ಲಿ ಇನ್ನೂ ಒಂದು ತೊಡಕಿದೆ. ಮಡಿಕೇರಿ ಕಡೆ ಇಸ್ರೇಲಿನ ಬಿಸಿಲು ಎಲ್ಲಿಂದ ತರೋಣ? ಹೆಬ್ಬಾಲೆ, ಶಿರಂಗಾಲದ ಬಯಲಲ್ಲಿ ಮಾರ್ಚ್, ಏಪ್ರಿಲ್‌ನಲ್ಲಿ ಆದೀತು. ಆದರೆ ಆಗಲೇ ಗದ್ದೆಯಲ್ಲಿ ಮೆಣಸಿನಕಾಯಿ ಇರುತ್ತದೆ. ಖಾಲಿ ಇದ್ದ ಗದ್ದೆಗೂ ಹೂಮಳೆ ಬಿದ್ದ ಕೂಡಲೇ ಶುಂಠಿ ಹಾಕುವ ಅವಸರ. ಹಾಗಾಗಿ ಬಿಸಿಲ ಚಿಕಿತ್ಸೆ ಇಲ್ಲಿ ಸಸಿಮಡಿಗೆ, ಶುಂಠಿ ಮಡಿಗೆ ಸರಿ, ಇಡೀ ಗದ್ದೆಗೆ ಅಲ್ಲ.

ಮಲ್ಚಿಂಗ್ ಶೀಟ್ ಎಲ್ಲರಿಗೂ ಗೊತ್ತು. ಉಳಿದ ಕಳೆಯನ್ನು ಅದು ತಡೆಯುತ್ತದೆ. ಜೇಕು ಮಾತ್ರ ಸೂಜಿಯ ಹಾಗೆ ಶೀಟನ್ನೇ ಚುಚ್ಚಿಕೊಂಡು ಮೇಲೆ ಬರುತ್ತದೆ. ಗ್ಲೈಫೋಸೇಟ್ ಎಲೆಯಿಂದ ಗಡ್ಡೆಗೆ ಇಳಿಯುತ್ತದೆ, ಆದರೆ ಬೆಳೆ ಇರುವಾಗ ಹೊಡೆಯುವ ಹಾಗಿಲ್ಲ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಅದರ ಬಳಕೆಗೆ ಕಡಿವಾಣವನ್ನೂ ಹಾಕಿತು. ಪವರ್ ಟಿಲ್ಲರ್ ಹೊಡೆದರೆ ಇನ್ನೂ ಕಷ್ಟ. ಸರದ ಗಡ್ಡೆಗಳನ್ನು ಬಿಡಿಬಿಡಿ ಮಾಡಿ ಗದ್ದೆ ತುಂಬ ಬಿತ್ತಿದ ಹಾಗಾಗುತ್ತದೆ. ಅದರ ಬದಲು ನೇಗಿಲಲ್ಲಿ ಮಾಗಿ ಉಳುಮೆ ಮಾಡಿ, ಮೇಲೆ ಬಿದ್ದ ಗಡ್ಡೆ ಬಿಸಿಲಿಗೆ ಒಣಗಿದರೆ ಲಾಭವುಂಟು.

ಜಪಾನ್ ಮತ್ತು ನೆದರ್ಲೆಂಡ್ಸ್‌ನಲ್ಲಿ 2000ದ ಆಸುಪಾಸಿನಲ್ಲಿ ರೂಪಿಸಿದ ಇನ್ನೊಂದು ವಿಧಾನ ಓದಿದಾಗ ನನಗೆ ನಗು ಬಂತು. ಮಣ್ಣಿಗೆ ಅಕ್ಕಿ ತೌಡೋ ಹಸಿರು ಸೊಪ್ಪೋ ಸೇರಿಸಿ, ನೀರು ತುಂಬಿಸಿ, ಪ್ಲಾಸ್ಟಿಕ್ ಮುಚ್ಚಿ ಕೆಲವು ವಾರ ಗಾಳಿಯಾಡದಂತೆ ಇಡುವುದು. ಆಮ್ಲಜನಕ ಇಲ್ಲದ ಮಣ್ಣಿನಲ್ಲಿ ಸೊಪ್ಪು ಕೊಳೆತು ಹುಳಿ ಬರುತ್ತದೆ, ರೋಗಾಣು, ಎಷ್ಟೋ ಕಳೆಬೀಜ ಸಾಯುತ್ತವೆ. ಸೊಪ್ಪು ಹಾಕಿ, ನೀರು ಕಟ್ಟಿ, ಕೆಸರು ತುಳಿದು, ಮೂರು ತಿಂಗಳು ನೀರು ನಿಲ್ಲಿಸುವುದನ್ನು ನಮ್ಮಲ್ಲಿ ನಾಟಿ ಅನ್ನುತ್ತಾರೆ, ಅಲ್ವಾ? ಪ್ಲಾಸ್ಟಿಕ್ ಒಂದಿಲ್ಲ. ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ. ನೀರು ನಿಂತ ಗದ್ದೆಯಲ್ಲೂ ಕಳೆ ಬರುತ್ತದೆ, ಜೇಕಿನ ನೆಂಟರೇ ಬೀಜದಿಂದ ಹುಟ್ಟುತ್ತಾರೆ. ಆದರೆ ಮೆಣಸಿನ ಗಿಡಕ್ಕೆ ಪೀಡೆಯಾದ ಗಡ್ಡೆಜೇಕಿಗೆ ನಿಂತ ನೀರು ಆಗದು. ಪ್ರತಿ ಮಳೆಗಾಲ ಕೆಸರು ಕಂಡ ಗದ್ದೆಯಲ್ಲಿ ಅದು ಹದ್ದು ಮೀರುತ್ತಿರಲಿಲ್ಲ.

ಕೆಸರು ಮಾಡುವುದು ನಿಂತುಹೋದದ್ದೇ ತೊಂದರೆ. ಆನೆ ಕಾಟ, ಕೂಲಿ, ಭತ್ತದ ಬೆಲೆ, ಒಂದೊಂದು ಮನೆಗೆ ಒಂದೊಂದು ಕಾರಣ. ಗದ್ದೆ ಪಾಳು ಬಿದ್ದವು, ಇಲ್ಲವೇ ಶುಂಠಿಗೆ ಗುತ್ತಿಗೆ ಹೋದವು. ಶುಂಠಿಗೆ ನೀರು ನಿಲ್ಲಬಾರದು, ಹಾಗಾಗಿ ಗದ್ದೆಯ ಉದ್ದಕ್ಕೂ ಆಳದ ಕಾಲುವೆ ಕಡಿಯುತ್ತಾರೆ. ಆಮೇಲೆ ಆ ಗದ್ದೆಯಲ್ಲಿ ನೀರು ಕಟ್ಟುವುದು ಸುಲಭವಲ್ಲ. ಫ್ಲೋರಿಡಾದವರಿಗೆ ಗ್ಯಾಸ್ ಬೇಕಾದದ್ದು ಅದೇ ನೆಲದಲ್ಲಿ ಅದೇ ಬೆಳೆ ಮಾಡಿದ್ದಕ್ಕೆ. ನಮಗೆ ಈಗ ಗ್ಯಾಸಿನ ನೆನಪಾಗುತ್ತಿರುವುದು ನೀರನ್ನು ಆಚೆ ಕಳಿಸಿದ್ದಕ್ಕೆ.

ಗೆಳೆಯನ ಮೂರು ಗದ್ದೆಗಳಲ್ಲಿ ಜೇಕು ಜಾಸ್ತಿ ಇದ್ದದ್ದು ಮೇಲಿನದರಲ್ಲಿ. ಅದಕ್ಕೆ ಎರಡು ವರ್ಷ ಶುಂಠಿ ಹಾಕಿಸಿದ್ದ. ಕೆಳಗಿನ ಎರಡಕ್ಕೆ ಮಾತ್ರ ಭತ್ತ ತಪ್ಪಿಸಿರಲಿಲ್ಲ. 'ಮೇಲಿನದಕ್ಕೂ ಈ ಸಲ ನಾಟಿ ಹಾಕು' ಎಂದೆ. 'ಕಾಲುವೆ ಮುಚ್ಚಿಸಬೇಕಲ್ಲ ಮಾರಾಯ, ಜೆಸಿಬಿಗೆ ಗಂಟೆಗೆ ಎಷ್ಟು ಗೊತ್ತಾ?' ಎಂದು ಬೆರಳಲ್ಲಿ ಲೆಕ್ಕ ಹಾಕತೊಡಗಿದ. ಹೆಂಗಸರು ಕಿತ್ತ ಜೇಕನ್ನು ಬದುವಿನ ಮೇಲೆ ರಾಶಿ ಹಾಕಿ ಕೈ ತೊಳೆಯಲು ತೋಡಿಗೆ ಇಳಿದಿದ್ದರು.